ಹೃದಯಕ್ಕೆ ಕಡಿವಾಣ: ಒಟ್ಟೊ ಲೋವಿಯ ಜೀವನಕಥೆ

ನಮ್ಮ ಭಾಷೆಯಲ್ಲಿ ಎದೆಯನ್ನು ಕುರಿತು ಇರುವಷ್ಟು ಮಾತುಗಳು ಬೇರೆ ಯಾವ ಅಂಗವನ್ನು ಕುರಿತೂ ಇರಲಾರವೆಂದು ನನಗೆ ತೋರುತ್ತದೆ. ಭಯವಾದರೆ ಎದೆ ನಡುಗುತ್ತದೆ. ಕೆಟ್ಟ ಸುದ್ದಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಪ್ರಶ್ನಪತ್ರಿಕೆ ಕೈಗೆ ಬರುವ ಮುನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಧೈರ್ಯವಂತನನ್ನು ಎದೆಗಾರನೆನ್ನುತ್ತೇವೆ, ಧೈರ್ಯ ಕಳೆದುಕೊಂಡವನು ಎದೆಗುಂದಿದನೆನ್ನುತ್ತೇವೆ. ಮನಸ್ಸಿನ ವ್ಯಾಪಾರವನ್ನೆಲ್ಲ ಹೀಗೆ ಎದೆಯ ಮೇಲೆ ಹೊರಿಸಿದ ನಮ್ಮ ಹಿರಿಯರು ಶರೀರಶಾಸ್ತ್ರ ಓದಿದವರಲ್ಲ. ಆದರೂ ಅವರು ಗಮನಿಸಿದ್ದು ಸುಳ್ಳಲ್ಲ. ಮನಸ್ಸು ಕದಲಿದರೆ ಹೃದಯವೂ ಕದಲುತ್ತದೆ. ಹಾಗಾದರೆ ತಲೆಯಲ್ಲಿ ಹುಟ್ಟಿದ ಸುದ್ದಿಯು ಎದೆಗೆ ಮುಟ್ಟುವುದು ಹೇಗೆ? ಮುಟ್ಟಿದ ಮೇಲೆ ಅದು ಹೃದಯಕ್ಕೆ ತನ್ನ ಮಾತನ್ನು ತಿಳಿಯಹೇಳುವುದು ಯಾವ ಭಾಷೆಯಲ್ಲಿ? ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದವನೇ ಒಟ್ಟೊ ಲೋವಿ.

ನಾನು ಇತಿಹಾಸದ ವಿದ್ಯಾರ್ಥಿ. ಕಪ್ಪೆಯ ಹೃದಯವನ್ನು ಕುರಿತು ಬರೆಯಲು ನನಗೇನು ಅಧಿಕಾರವೆಂದು ವಿಜ್ಞಾನದ ಮಿತ್ರರು ಕೇಳಬಹುದು. ಲೋವಿಯೂ ಮೊದಲು ನಮ್ಮ ಕಡೆಯವನೇ ಆಗಿದ್ದನೆಂಬುದೇ ನನ್ನ ಸಮಾಧಾನ. ಕಲೆಯ ಇತಿಹಾಸವನ್ನು ಓದಬೇಕೆಂದು ಹಂಬಲಿಸಿ, ಮನೆಯವರ ಮಾತಿಗೆ ಕಟ್ಟುಬಿದ್ದು ವೈದ್ಯಶಾಸ್ತ್ರಕ್ಕೆ ಹೋದವನು ಆತ. ಆ ಕಥೆಯನ್ನು ಹೇಳುವ ಮುನ್ನ ಆತನು ಕೈಯಿಟ್ಟ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಹೃದಯವು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ ಬಡಿಯಬಲ್ಲ ಅಂಗ. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ತಕ್ಕ ಉಪ್ಪುನೀರಿನಲ್ಲಿಟ್ಟರೆ ಗಂಟೆಗಟ್ಟಲೆ ಬಡಿಯುತ್ತಲೇ ಇರುತ್ತದೆ. ಬಡಿತದ ಮೂಲವು ಹೃದಯದೊಳಗೇ ಇದೆ. ಆದರೆ ಎಷ್ಟು ವೇಗವಾಗಿ ಬಡಿಯಬೇಕೆಂಬುದನ್ನು ಗೊತ್ತುಮಾಡಲು ಹೊರಗಿನಿಂದ ಎರಡು ಬಗೆಯ ನರಗಳು ಬಂದು ಸೇರಿವೆ. ಒಂದು ಸಿಂಪಥೆಟಿಕ್ ನರ, ಅದು ಚಾವಟಿ. ಇನ್ನೊಂದು ವೇಗಸ್ ನರ, ಅದು ಮೂಗುದಾರ. ಲ್ಯಾಟಿನ್ ಭಾಷೆಯಲ್ಲಿ ವೇಗಸ್ ಎಂದರೆ ಅಲೆದಾಡುವುದು ಎಂದರ್ಥ. ಮಿದುಳಿನ ಬುಡದಿಂದ ಹೊರಟು ಕೊರಳು, ಎದೆ, ಹೊಟ್ಟೆಗಳಲ್ಲೆಲ್ಲ ಅಲೆದು ಹೋಗುವುದರಿಂದ ಆ ಹೆಸರು ಬಂದಿದೆ. ಕನ್ನಡದ ಕಿವಿಗೆ ಮಾತ್ರ ಇದು ತಮಾಷೆಯಾಗಿ ಕೇಳುತ್ತದೆ: ಹೆಸರಿನಲ್ಲಿ ವೇಗವಿದೆ, ಮಾಡುವ ಕೆಲಸವೆಲ್ಲ ಹೃದಯದ ವೇಗವನ್ನು ತಗ್ಗಿಸುವುದು! ಪರೀಕ್ಷೆಯಲ್ಲಿ ನೆನಪಿಡುವವರಿಗೆ ಈ ವಿರೋಧಾಭಾಸವೇ ಸಹಾಯವಾಗಬಹುದು.

ಈ ವೇಗಸ್ ನರಕ್ಕೆ ವಿದ್ಯುತ್ತನ್ನು ತಾಕಿಸಿದರೆ ಹೃದಯವು ನಿಧಾನವಾಗಿ ಕೊನೆಗೆ ನಿಂತೇ ಹೋಗುವುದೆಂಬುದನ್ನು ಜರ್ಮನಿಯ ವೆಬರ್ ಸಹೋದರರು ೧೮೪೫ರಲ್ಲಿ ಪ್ರಕಟಿಸಿದರು. ನರವೆಂದರೆ ಕೆಲಸ ಮಾಡಿಸುವ ತಂತಿಯೆಂದೇ ತಿಳಿದಿದ್ದ ಆ ಕಾಲದವರಿಗೆ, ಕೆಲಸವನ್ನು ನಿಲ್ಲಿಸುವ ನರವೂ ಉಂಟೆಂಬುದು ಹೊಸ ಸುದ್ದಿಯಾಗಿತ್ತು. ೧೮೬೦ರ ದಶಕದಲ್ಲಿ ಗೋಲ್ಟ್ಸ್ ಎಂಬ ವಿದ್ವಾಂಸನು ಇನ್ನೂ ಸರಳವಾದ ಒಂದು ಪ್ರಯೋಗವನ್ನು ಮಾಡಿ ತೋರಿಸಿದನು. ಕಪ್ಪೆಯ ಹೊಟ್ಟೆಯ ಮೇಲೆ ಮೆಲ್ಲಗೆ ಮತ್ತೆ ಮತ್ತೆ ತಟ್ಟಿದರೆ ಅದರ ಹೃದಯವು ನಿಂತುಬಿಡುತ್ತದೆ. ತಟ್ಟುವುದನ್ನು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಡಿಯುತ್ತದೆ. ವೇಗಸ್ ನರಗಳನ್ನು ಮೊದಲೇ ಕತ್ತರಿಸಿದ್ದರೆ ಎಷ್ಟು ತಟ್ಟಿದರೂ ನಿಲ್ಲುವುದಿಲ್ಲ. ಎಂದರೆ, ಹೊಟ್ಟೆಗೆ ಬಿದ್ದ ಪೆಟ್ಟಿನ ಸುದ್ದಿಯು ಒಂದು ನರದ ಮೂಲಕ ಮಿದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ ಇಳಿದುಬರುತ್ತದೆ. ಹೀಗೆ ಒಳಬಂದ ಸುದ್ದಿಯು ಇಚ್ಛೆಯನ್ನು ಕೇಳದೆಯೇ ಅಪ್ಪಣೆಯಾಗಿ ಹೊರಹೋಗುವುದನ್ನು ಶರೀರಶಾಸ್ತ್ರದಲ್ಲಿ ಪರಾವರ್ತಿತ ಕ್ರಿಯೆ ಎನ್ನುತ್ತಾರೆ.

ನಮ್ಮ ದೇಹದಲ್ಲಿ ಈ ಕ್ರಿಯೆಯು ಹಗಲಿರುಳೂ ನಡೆಯುತ್ತಿದೆ. ಕೊರಳಿನ ಎರಡು ಕಡೆಗಳ ಧಮನಿಗಳು ಕವಲೊಡೆಯುವಲ್ಲಿಯೂ, ಹೃದಯದಿಂದ ಹೊರಟ ಮಹಾಧಮನಿಯು ಬಾಗುವಲ್ಲಿಯೂ ರಕ್ತದ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡವು ಏರಿದರೆ ಧಮನಿಯ ಗೋಡೆ ಹಿಗ್ಗಿ, ಆ ತುದಿಗಳಿಂದ ಮಿದುಳಿಗೆ ಹೆಚ್ಚು ಹೆಚ್ಚು ಸಂಕೇತಗಳು ಹೋಗುತ್ತವೆ. ಮಿದುಳಿನ ಬುಡದ ಕೇಂದ್ರವು ಆಗ ಮೂಗುದಾರವನ್ನು ಬಿಗಿದು ಚಾವಟಿಯನ್ನು ಕೆಳಗಿಡುತ್ತದೆ, ಹೃದಯವು ನಿಧಾನವಾಗುತ್ತದೆ. ಮಲಗಿದ್ದವರು ಥಟ್ಟನೆ ಎದ್ದುನಿಂತಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ರಕ್ತವು ಕಾಲಿನ ಕಡೆಗೆ ಇಳಿದು, ಕೊರಳಿನಲ್ಲಿ ಒತ್ತಡವು ಕುಗ್ಗಿ, ಕೆಲವೇ ಕ್ಷಣಗಳೊಳಗೆ ನಾಡಿ ಚುರುಕಾಗುತ್ತದೆ. ಈ ಏರ್ಪಾಡು ಸರಿಯಾಗಿ ನಡೆಯದ ದಿನ ಕಣ್ಣು ಕತ್ತಲಿಡುತ್ತದೆ. ಓದುಗರು ಬೇಕಾದರೆ ತಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಬಹುದು. ಉಸಿರೆಳೆದುಕೊಂಡಾಗ ನಾಡಿ ಸ್ವಲ್ಪ ಬೇಗವಾಗಿಯೂ, ಬಿಟ್ಟಾಗ ಸ್ವಲ್ಪ ನಿಧಾನವಾಗಿಯೂ ನಡೆಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಸ್ಪಷ್ಟವಾಗಿಯೇ ತಿಳಿಯುತ್ತದೆ. ಎರಡು ಬಗೆಯ ನರಗಳನ್ನೂ ಔಷಧಿಗಳಿಂದ ತಡೆದರೆ ಯುವಕನ ಹೃದಯವು ನಿಮಿಷಕ್ಕೆ ಸುಮಾರು ೧೦೦ ಸಲ ಬಡಿಯುತ್ತದೆ. ಸುಮ್ಮನೆ ಕುಳಿತವನ ನಾಡಿ ೭೦ರ ಆಸುಪಾಸಿನಲ್ಲಿರುವುದು ಮೂಗುದಾರವು ಸದಾ ಸ್ವಲ್ಪ ಬಿಗಿಯಾಗಿಯೇ ಇರುವುದರಿಂದ.

ಇಷ್ಟೆಲ್ಲ ತಿಳಿದರೂ ಒಂದು ಗಂಟು ಬಿಚ್ಚದೆ ಉಳಿದಿತ್ತು. ನರವು ಹೃದಯದ ಸ್ನಾಯುವನ್ನು ತಲಪಿ ಕೊನೆಗೊಳ್ಳುವ ಜಾಗದಲ್ಲಿ ಏನು ನಡೆಯುತ್ತದೆ? ವಿದ್ಯುತ್ತೇ ನೇರವಾಗಿ ಸ್ನಾಯುವಿಗೆ ದಾಟುತ್ತದೆಂದು ಬಹುಮಂದಿ ನಂಬಿದ್ದರು. ಹಾಗಿದ್ದರೆ ಒಂದೇ ಬಗೆಯ ವಿದ್ಯುತ್ತು ಒಂದು ನರದಲ್ಲಿ ಬಂದಾಗ ಹೃದಯವನ್ನು ಓಡಿಸುವುದೂ ಇನ್ನೊಂದರಲ್ಲಿ ಬಂದಾಗ ತಡೆಯುವುದೂ ಹೇಗೆಂಬುದನ್ನು ಅವರು ವಿವರಿಸಲಾರದೆ ಹೋದರು.

ಒಟ್ಟೊ ಲೋವಿಯು ೧೮೭೩ರ ಜೂನ್ ೩ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಒಂದು ಯಹೂದಿ ಮನೆತನದಲ್ಲಿ ಹುಟ್ಟಿದನು. ತಂದೆ ದ್ರಾಕ್ಷಾರಸದ ವ್ಯಾಪಾರಿ. ಹುಡುಗನು ಶಾಲೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಜಾಣ. ಗಣಿತ, ಭೌತಶಾಸ್ತ್ರಗಳಲ್ಲಿ ಅಷ್ಟಕ್ಕಷ್ಟೆ. ಚಿತ್ರಕಲೆಯ ಹುಚ್ಚು ಹಿಡಿದು, ಕಲೆಯ ಇತಿಹಾಸಕಾರನಾಗಬೇಕೆಂದು ನಿಶ್ಚಯಿಸಿದ್ದನು. ಆ ವಿದ್ಯೆಯಿಂದ ಅನ್ನ ಹುಟ್ಟುವುದೆಂದು ಮನೆಯವರಿಗೆ ನಂಬಿಕೆ ಬರಲಿಲ್ಲ. ೧೮೯೧ರಲ್ಲಿ ಆತನು ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ವೈದ್ಯ ವಿದ್ಯಾರ್ಥಿಯಾಗಿ ಸೇರಿದನು. ಅಂಕಗಳು ಬಂದ ದಿನ ನೆಂಟರಿಷ್ಟರೆಲ್ಲ ಕೂಡಿ ಹುಡುಗನ ಹಣೆಬರಹವನ್ನು ನಿರ್ಧರಿಸುವ ದೃಶ್ಯ ನಮ್ಮಲ್ಲಿ ಯಾರಿಗೆ ಹೊಸದು? ನಮ್ಮ ತರಗತಿಯಲ್ಲಿಯೇ ಆ ಪಂಚಾಯಿತಿಯನ್ನು ಗೆದ್ದು ಬಂದವರೂ ಇದ್ದಾರೆ, ಸೋತು ಬಂದವರೂ ಇದ್ದಾರೆ.

ಸೇರಿದವನು ವೈದ್ಯಶಾಸ್ತ್ರದ ಪಾಠಗಳಿಗೆ ಸರಿಯಾಗಿ ಹೋದನೇ? ಇಲ್ಲ. ತತ್ತ್ವಶಾಸ್ತ್ರ, ವಾಸ್ತುಶಿಲ್ಪಗಳ ಉಪನ್ಯಾಸಗಳು ಎಲ್ಲಿ ನಡೆಯುತ್ತವೆಯೋ ಅಲ್ಲಿ ಹೋಗಿ ಕುಳಿತನು. ಅದರ ಫಲವಾಗಿ ಮೊದಲ ಪರೀಕ್ಷೆಯಲ್ಲಿ ಹೇಗೋ ಹೇಗೋ ದಾಟಿಕೊಂಡನು. ಕಪ್ಪೆಯ ಹೊಟ್ಟೆ ತಟ್ಟಿದ ಗೋಲ್ಟ್ಸ್ ಮಹಾಶಯನು ಅದೇ ವಿಶ್ವವಿದ್ಯಾನಿಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಲೋವಿಯ ಮನಸ್ಸನ್ನು ತಿರುಗಿಸಿದವರು ಮಾತ್ರ ಬೇರೆಯವರು. ನೌನಿನ್ ಎಂಬ ಮಹಾವೈದ್ಯನ ಪಾಠವೂ, ಔಷಧಶಾಸ್ತ್ರದ ಪಿತಾಮಹರಲ್ಲೊಬ್ಬನೆನಿಸಿದ ಷ್ಮೀಡೆಬರ್ಗನ ಪ್ರಯೋಗಶಾಲೆಯೂ ಆತನಿಗೆ ಹಿಡಿಸಿದವು. ೧೮೯೬ರಲ್ಲಿ ವೈದ್ಯ ಪದವಿಗಾಗಿ ಆತನು ಬರೆದ ಪ್ರಬಂಧದ ವಿಷಯ ಬೇರ್ಪಡಿಸಿದ ಕಪ್ಪೆಯ ಹೃದಯದ ಮೇಲೆ ಕೆಲವು ಔಷಧಿಗಳ ಪರಿಣಾಮ. ಕಪ್ಪೆಯ ಹೃದಯವು ಹೀಗೆ ಇಪ್ಪತ್ತಮೂರನೆಯ ವಯಸ್ಸಿಗೇ ಆತನ ಕೈಗೆ ಬಂದಿತ್ತು.

ಅನಂತರ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನ ಕೆಲಸ. ಕ್ಷಯ ಮತ್ತು ನ್ಯುಮೋನಿಯ ರೋಗಿಗಳು ಅಲ್ಲಿ ಸಾಲುಸಾಲಾಗಿ ಸಾಯುತ್ತಿದ್ದರು. ಕೊಡಲು ಔಷಧಿ ಇರಲಿಲ್ಲ. ಪಕ್ಕದಲ್ಲಿ ನಿಂತು ನೋಡುವುದಷ್ಟೇ ವೈದ್ಯನ ಪಾಲಿನ ಕೆಲಸವಾದರೆ ಅಂಥ ವೈದ್ಯವೃತ್ತಿ ತನಗೆ ಬೇಡವೆಂದು ಆತನು ಬಿಟ್ಟುಬಂದನು. ಇದನ್ನು ಪಲಾಯನವೆಂದು ಕರೆಯುವವರು ಕರೆಯಲಿ. ನನಗಂತೂ ಹಾಗೆ ತೋರುವುದಿಲ್ಲ. ಸಾಯುವವರಿಗೆ ಕೊಡಲು ಏನಾದರೂ ಬೇಕಾದರೆ ಯಾರಾದರೊಬ್ಬರು ಪ್ರಯೋಗಶಾಲೆಯಲ್ಲಿ ಕೂಡಬೇಕಷ್ಟೆ. ೧೮೯೮ರಲ್ಲಿ ಆತನು ಮಾರ್ಬುರ್ಗಿನ ಔಷಧಶಾಸ್ತ್ರ ಪ್ರಾಧ್ಯಾಪಕ ಹಾನ್ಸ್ ಹೋರ್ಸ್ಟ್ ಮೇಯರನಿಗೆ ಸಹಾಯಕನಾದನು. ಪ್ರಾಣಿಗಳ ದೇಹವು ಆಹಾರದ ಪ್ರೋಟೀನು ಒಡೆದು ಉಂಟಾಗುವ ಅಮೈನೋ ಆಮ್ಲಗಳಿಂದಲೇ ತನ್ನ ಪ್ರೋಟೀನನ್ನು ಕಟ್ಟಿಕೊಳ್ಳಬಲ್ಲದೆಂದು ೧೯೦೨ರಲ್ಲಿ ತೋರಿಸಿದನು. ಬೇರೆ ಯಾವ ಕೆಲಸವನ್ನೂ ಮಾಡದಿದ್ದರೂ ಇದೊಂದರಿಂದಲೇ ಆತನ ಹೆಸರು ಪುಸ್ತಕಗಳಲ್ಲಿ ಉಳಿಯುತ್ತಿತ್ತು.

ಆ ಸುಮಾರಿನಲ್ಲೇ ಆತನು ಇಂಗ್ಲೆಂಡಿಗೆ ಹೋಗಿ ಕೆಲವು ತಿಂಗಳು ಲಂಡನ್ನಿನ ಸ್ಟಾರ್ಲಿಂಗನ ಪ್ರಯೋಗಶಾಲೆಯಲ್ಲಿ ಇದ್ದನು. ಹೆನ್ರಿ ಡೇಲ್ ಎಂಬ ತರುಣನ ಸ್ನೇಹವಾದದ್ದು ಅಲ್ಲಿ. ಆ ಸ್ನೇಹ ಎರಡು ಮಹಾಯುದ್ಧಗಳನ್ನು ದಾಟಿ ಕೊನೆಯವರೆಗೂ ಬಾಳಿತು. ಕೇಂಬ್ರಿಜ್ಜಿನಲ್ಲಿ ಎಲಿಯಟ್ ಎಂಬ ಇನ್ನೊಬ್ಬ ತರುಣನಿದ್ದನು. ಸಿಂಪಥೆಟಿಕ್ ನರದ ತುದಿಯಿಂದ ಅಡ್ರಿನಲಿನ್ ಎಂಬ ವಸ್ತುವು ಸ್ರವಿಸಿ ಅದೇ ಸ್ನಾಯುವಿಗೆ ಸುದ್ದಿ ಮುಟ್ಟಿಸುತ್ತಿರಬಹುದೆಂದು ಅವನು ೧೯೦೪ರಲ್ಲಿ ಸೂಚಿಸಿದನು. ಲೋವಿಗೂ ಹೀಗೆಯೇ ಏನೋ ಹೊಳೆದು, ೧೯೦೩ರಲ್ಲಿ ಸ್ನೇಹಿತನೊಬ್ಬನೊಡನೆ ಮಾತಿನ ನಡುವೆ ಹೇಳಿದ್ದನಂತೆ. ಆದರೆ ಪ್ರಯೋಗದಿಂದ ಪರೀಕ್ಷಿಸುವ ದಾರಿ ಕಾಣದೆ ಆ ಯೋಚನೆಯನ್ನು ಮರೆತುಬಿಟ್ಟನು. ಮರೆವು ಹದಿನೇಳು ವರ್ಷ ನಡೆಯಿತು.

೧೯೦೮ರಲ್ಲಿ ಗ್ವಿಡಾ ಗೋಲ್ಡ್‌ಷ್ಮೀಟ್ ಎಂಬಾಕೆಯೊಡನೆ ಲೋವಿಯ ಮದುವೆಯಾಯಿತು. ಮೂವರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು. ೧೯೦೯ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾನಿಲಯವು ಆತನನ್ನು ಔಷಧಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಕರೆಸಿಕೊಂಡಿತು. ಮುಂದಿನ ೨೯ ವರ್ಷ ಆತನು ಆ ಊರನ್ನು ಬಿಡಲಿಲ್ಲ. ಬಿಡಿಸಬೇಕಾಗಿ ಬಂದದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಪ್ರಸಿದ್ಧವಾದ ಆ ಕನಸಿನ ವಿಷಯ. ಆತನೇ ಮುಪ್ಪಿನಲ್ಲಿ ಹೇಳಿಕೊಂಡಂತೆ, ೧೯೨೦ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಲೋವಿಗೆ ನಿದ್ದೆಯಲ್ಲಿ ಏನೋ ಹೊಳೆದು ಎಚ್ಚರವಾಯಿತು. ದೀಪ ಹಚ್ಚಿ ಒಂದು ಚೀಟಿಯ ಮೇಲೆ ನಾಲ್ಕಕ್ಷರ ಗೀಚಿ ಮತ್ತೆ ಮಲಗಿದನು. ಬೆಳಗ್ಗೆ ಎದ್ದು ನೋಡಿದರೆ ತನ್ನ ಬರಹ ತನಗೇ ತಿಳಿಯದು! ಬಹಳ ಮುಖ್ಯವಾದುದನ್ನು ಬರೆದೆನೆಂಬುದು ಮಾತ್ರ ನೆನಪಿದೆ, ಏನೆಂಬುದು ನೆನಪಿಲ್ಲ. ಆ ಭಾನುವಾರವು ತನ್ನ ವಿದ್ಯಾಜೀವನದಲ್ಲೇ ಅತ್ಯಂತ ಹತಾಶೆಯ ದಿನವಾಗಿತ್ತೆಂದು ಆತನು ಹೇಳುತ್ತಿದ್ದನು. ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮರಳಿ ಬಂದಿತು. ಈ ಸಲ ಚೀಟಿಯ ಗೊಡವೆಗೆ ಹೋಗಲಿಲ್ಲ. ಎದ್ದವನೇ ನೇರವಾಗಿ ಪ್ರಯೋಗಶಾಲೆಗೆ ನಡೆದನು.

ಮಾಡಿದ ಪ್ರಯೋಗ ಇದು. ಎರಡು ಕಪ್ಪೆಗಳ ಹೃದಯಗಳನ್ನು ಬೇರ್ಪಡಿಸಿದನು. ಮೊದಲನೆಯದಕ್ಕೆ ವೇಗಸ್ ನರ ಅಂಟಿಕೊಂಡೇ ಇತ್ತು. ಎರಡನೆಯದರ ನರವನ್ನು ತೆಗೆದುಹಾಕಿದ್ದನು. ಎರಡಕ್ಕೂ ಒಂದೊಂದು ಗಾಜಿನ ನಳಿಗೆಯನ್ನು ಸೇರಿಸಿ, ರಿಂಗರ್ ದ್ರಾವಣವೆಂಬ ಉಪ್ಪುನೀರನ್ನು ತುಂಬಿದನು. ಮೊದಲನೆಯದರ ವೇಗಸ್ ನರವನ್ನು ಕೆಲವು ನಿಮಿಷ ವಿದ್ಯುತ್ತಿನಿಂದ ಕೆರಳಿಸಿದಾಗ ಆ ಹೃದಯವು ನಿರೀಕ್ಷಿಸಿದಂತೆಯೇ ನಿಧಾನವಾಯಿತು. ಅದರೊಳಗಿನ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದನು. ನರವೇ ಇಲ್ಲದ ಆ ಹೃದಯವೂ, ತನ್ನ ವೇಗಸ್ ನರವನ್ನು ಯಾರೋ ಕೆರಳಿಸಿದರೋ ಎಂಬಂತೆ, ನಿಧಾನವಾಯಿತು! ವೇಗವನ್ನು ಹೆಚ್ಚಿಸುವ ನರವನ್ನು ಕೆರಳಿಸಿ ದ್ರಾವಣವನ್ನು ಸಾಗಿಸಿದಾಗ ಎರಡನೆಯ ಹೃದಯ ಚುರುಕಾಯಿತು. ಒಂದು ಹೃದಯದಿಂದ ಇನ್ನೊಂದಕ್ಕೆ ತಂತಿಯಿಲ್ಲ, ವಿದ್ಯುತ್ತಿಲ್ಲ. ಸಾಗಿದ್ದು ನೀರು ಮಾತ್ರ. ಎಂದ ಮೇಲೆ ಆ ನೀರಿನಲ್ಲಿ ಏನೋ ಒಂದು ವಸ್ತು ಇರಲೇಬೇಕು. ನರವು ಹೃದಯದೊಡನೆ ಮಾತನಾಡುವುದು ರಸಾಯನದ ಭಾಷೆಯಲ್ಲಿ ಎಂಬುದು ಹೀಗೆ ತಿಳಿಯಿತು. ನಿಧಾನಗೊಳಿಸುವ ಆ ವಸ್ತುವಿಗೆ ವೇಗಸ್ ವಸ್ತು ಎಂದೇ ಹೆಸರಿಟ್ಟು, ೧೯೨೧ರಲ್ಲಿ ಕೆಲವೇ ಪುಟಗಳ ಒಂದು ಲೇಖನವನ್ನು ಪ್ರಕಟಿಸಿದನು.

ಕನಸಿನಲ್ಲಿ ವಿದ್ಯೆ ಒಲಿದ ಕಥೆಗಳನ್ನು ನಾವು ಪ್ರೀತಿಯಿಂದ ಕೇಳುತ್ತೇವೆ. ನಾಮಗಿರಿ ದೇವಿಯು ತನಗೆ ಗಣಿತವನ್ನು ತೋರಿಸುತ್ತಾಳೆಂದು ರಾಮಾನುಜನ್ ನಂಬಿದ್ದುದು ಎಲ್ಲರಿಗೂ ತಿಳಿದಿದೆ. ಆದರೆ ಲೋವಿಯನ್ನು ಕುರಿತು ಬರೆಯುವವರೆಲ್ಲ ಕನಸಿಗೇ ನಿಂತುಬಿಡುವುದು ನನಗೆ ಅಷ್ಟಾಗಿ ಸರಿತೋರದು. ಈಸ್ಟರಿಗೆ ಎರಡು ವರ್ಷ ಮುಂಚೆ ಆತನು ಬೇರೊಂದು ಪ್ರಶ್ನೆಗಾಗಿ ಇದೇ ಕಪ್ಪೆಯ ಹೃದಯ, ಇದೇ ನಳಿಗೆ, ಇದೇ ದ್ರಾವಣಗಳಿಂದ ಪ್ರಯೋಗ ಮಾಡಿದ್ದನು. ೧೯೦೩ರ ಮರೆತ ಯೋಚನೆಯೂ ೧೯೧೮ರ ಕೈಕೆಲಸವೂ ನಿದ್ದೆಯಲ್ಲಿ ಕೂಡಿಕೊಂಡವೆಂದು ಆತನೇ ವಿವರಿಸಿದ್ದಾನೆ. ಇನ್ನೊಂದು ಮಾತನ್ನೂ ಆತನು ಮುಚ್ಚಿಡಲಿಲ್ಲ. ಹಗಲು ಹೊತ್ತಿನಲ್ಲಿ ಸಾವಧಾನವಾಗಿ ಯೋಚಿಸಿದ್ದರೆ ಈ ಪ್ರಯೋಗವನ್ನು ತಾನು ಮಾಡುತ್ತಲೇ ಇರಲಿಲ್ಲವಂತೆ. ನರದ ತುದಿಯಲ್ಲಿ ಅಂಥ ವಸ್ತು ಹುಟ್ಟಿದರೂ ಅದು ಸ್ನಾಯುವಿಗೆ ಬೇಕಾದಷ್ಟೇ ಇರುವುದು ಸಹಜ. ಉಕ್ಕಿ ಹರಿದು ಒಳಗಿನ ನೀರಿನಲ್ಲಿ ಸೇರಿ ಇನ್ನೊಂದು ಹೃದಯಕ್ಕೂ ಸಾಕಾಗುವಷ್ಟು ಉಳಿಯುವುದೆಂದು ಎಚ್ಚರವಿದ್ದವರು ಯಾರೂ ನಿರೀಕ್ಷಿಸರು. ಕಪ್ಪೆಯ ವಿಷಯದಲ್ಲಿಯೂ ಅದೃಷ್ಟವು ಆತನ ಕಡೆಗಿತ್ತು. ಕಪ್ಪೆಯ ವೇಗಸ್ ನರದಲ್ಲಿ ತಡೆಯುವ ಎಳೆಗಳೂ ಓಡಿಸುವ ಎಳೆಗಳೂ ಬೆರೆತಿರುತ್ತವೆ. ಋತುವಿಗೆ ತಕ್ಕಂತೆ ಒಮ್ಮೆ ಇದರ ಕೈ ಮೇಲಾದರೆ ಇನ್ನೊಮ್ಮೆ ಅದರದು. ಚಳಿಗಾಲದ ಕಪ್ಪೆಗಳಲ್ಲಿ ತಡೆಯುವ ಗುಣ ಹೆಚ್ಚು. ತಣ್ಣಗಿದ್ದಷ್ಟೂ ಆ ವಸ್ತು ನಾಶವಾಗುವುದೂ ನಿಧಾನ.

ಬೇರೆಯವರಿಗೆ ಈ ಅದೃಷ್ಟವಿರಲಿಲ್ಲ. ಹಲವರು ತಮ್ಮ ತಮ್ಮ ಪ್ರಯೋಗಶಾಲೆಗಳಲ್ಲಿ ಇದೇ ಪ್ರಯೋಗವನ್ನು ಮಾಡಿ, ಫಲ ಕಾಣದೆ, ಗ್ರಾಟ್ಸಿನ ಪ್ರಾಧ್ಯಾಪಕನ ಮಾತನ್ನು ಸಂಶಯಿಸಿದರು. ಸುಮಾರು ಐದಾರು ವರ್ಷ ಈ ವಾದ ನಡೆಯಿತು. ೧೯೨೬ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ಶರೀರಶಾಸ್ತ್ರ ಸಮ್ಮೇಳನ ಸೇರಿದಾಗ, ಎಲ್ಲರ ಮುಂದೆ ಮಾಡಿ ತೋರಿಸಬೇಕೆಂಬ ಕೋರಿಕೆ ಬಂದಿತು. ಐವತ್ತಮೂರು ವರ್ಷದ ಪ್ರಾಧ್ಯಾಪಕನು ಸಂಶಯಾತ್ಮರ ನಡುವೆ ನಿಂತು, ಒಂದೇ ಪ್ರಯೋಗವನ್ನು ೧೮ ಸಲ ಮಾಡಿ ತೋರಿಸಿದನಂತೆ. ಒಂದು ಸಲ ತಪ್ಪಿದ್ದರೂ ಸಾಕಾಗಿತ್ತು. ಮಿದುಳಿನ ಬುಡದಿಂದ ಸಿಂಪಥೆಟಿಕ್ ನರಗಳ ದಾರಿಯಾಗಿ ಆ ದಿನ ಆತನ ಸ್ವಂತ ಹೃದಯಕ್ಕೆ ಎಂಥ ಅಪ್ಪಣೆಗಳು ಇಳಿದುಬಂದಿರಬಹುದೆಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು.

ಅದೇ ೧೯೨೬ರಲ್ಲಿ ಲೋವಿಯೂ ಆತನ ಸಹಾಯಕ ನವ್ರಾಟಿಲನೂ ಮತ್ತೊಂದು ಗುಟ್ಟನ್ನು ಬಯಲಿಗೆ ತಂದರು. ವೇಗಸ್ ವಸ್ತುವು ಅಸಿಟೈಲ್‌ಕೋಲಿನ್ ಎಂಬ ರಸಾಯನವನ್ನು ಎಲ್ಲ ರೀತಿಯಲ್ಲೂ ಹೋಲುತ್ತದೆ; ಹೃದಯದಲ್ಲೇ ಇರುವ ಒಂದು ಕಿಣ್ವವು ಅದನ್ನು ಬೇಗನೆ ಒಡೆದುಹಾಕುತ್ತದೆ; ಎಸರಿನ್ ಎಂಬ ಔಷಧಿಯು ಆ ಕಿಣ್ವವನ್ನು ಕಟ್ಟಿಹಾಕಿದರೆ ವೇಗಸ್ ನರದ ಪ್ರಭಾವ ಬಹಳ ಹೊತ್ತು ನಿಲ್ಲುತ್ತದೆ. ಈ ಒಡೆಯುವ ಕೆಲಸವಿಲ್ಲದಿದ್ದರೆ ನಮ್ಮ ಪಾಡೇನಾಗುತ್ತಿತ್ತು? ಒಮ್ಮೆ ಬಿಗಿದ ಮೂಗುದಾರವು ಸಡಿಲವಾಗುತ್ತಲೇ ಇರಲಿಲ್ಲ. ನಾಡಿಯು ಉಸಿರು ಉಸಿರಿಗೂ ಏರಿಳಿಯುವುದಕ್ಕೆ ಸಾಧ್ಯವಾಗಿರುವುದು, ಹೇಳಿದ ಮಾತು ಹೇಳಿದೊಡನೆ ಅಳಿಸಿಹೋಗುವುದರಿಂದಲೇ.

ಇದು ಪುಸ್ತಕದ ಬದನೆಕಾಯಿಯೆಂದು ಯಾರೂ ಭಾವಿಸಬಾರದು. ನಮ್ಮ ಹೊಲಗಳಲ್ಲಿ ಸಿಂಪಡಿಸಿದ ಕೀಟನಾಶಕಗಳಲ್ಲಿ ಆರ್ಗ್ಯಾನೋಫಾಸ್ಫೇಟ್ ಎಂಬ ಒಂದು ಜಾತಿ ಉಂಟು. ಅದು ಇದೇ ಬಗೆಯ ಕಿಣ್ವವನ್ನೇ ಕೊಲ್ಲುತ್ತದೆ. ಬಾಯಿಗೆ ಬಟ್ಟೆಯಿಲ್ಲದೆ, ಕೈಗೆ ಗವಸಿಲ್ಲದೆ ಔಷಧಿ ಹೊಡೆದ ಕೂಲಿಯವನಿಗೆ ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವರಿ, ಕಣ್ಣಿನ ಪಾಪೆ ಕಿರಿದಾಗಿ, ನಾಡಿ ಕುಸಿಯಬಹುದು. ಆತನ ದೇಹದಲ್ಲಿ ಆಗ ಅಸಿಟೈಲ್‌ಕೋಲಿನ್ ಒಡೆಯುವವರಿಲ್ಲದೆ ತುಂಬಿಕೊಂಡಿರುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮದ್ದು ಅಟ್ರೊಪೀನ್. ಅದು ಅಸಿಟೈಲ್‌ಕೋಲಿನ್ನಿನ ಮಾತು ಹೃದಯಕ್ಕೆ ಕೇಳಿಸದಂತೆ ಮಾಡುತ್ತದೆ. ನಮ್ಮ ಹಿತ್ತಿಲ ಬೇಲಿಯ ಉಮ್ಮತ್ತಿಯ ಗಿಡದಲ್ಲಿಯೂ ಈ ಅಟ್ರೊಪೀನ್ ಇದೆ. ಅದರ ಬೀಜ ತಿಂದವನಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಹೃದಯ ಓಡತೊಡಗುವುದು ಅದರಿಂದಲೇ. ಒಂದು ವಿಷ ಮೂಗುದಾರವನ್ನು ಬಿಗಿಯುತ್ತದೆ, ಇನ್ನೊಂದು ವಿಷ ಅದನ್ನು ಕತ್ತರಿಸುತ್ತದೆ. ಅಳತೆ ತಿಳಿದ ವೈದ್ಯನ ಕೈಯಲ್ಲಿ ಎರಡನೆಯದು ಪ್ರಾಣ ಉಳಿಸುತ್ತದೆ.

೧೯೨೯ರಲ್ಲಿ ಡೇಲ್ ಮತ್ತು ಡಡ್ಲಿಯವರು ಪ್ರಾಣಿಗಳ ಗುಲ್ಮದಿಂದ ಅಸಿಟೈಲ್‌ಕೋಲಿನ್ನನ್ನು ತೆಗೆದು ಅದು ದೇಹದಲ್ಲಿಯೇ ಹುಟ್ಟುವ ವಸ್ತುವೆಂದು ಸ್ಥಾಪಿಸಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ. ೧೯೩೬ರ ನೊಬೆಲ್ ಪಾರಿತೋಷಕವನ್ನು ಲೋವಿ ಮತ್ತು ಡೇಲ್ ಇಬ್ಬರಿಗೂ ಹಂಚಿ ಕೊಟ್ಟರು. ಹಳೆಯ ಸ್ನೇಹಿತರು ಒಂದೇ ವೇದಿಕೆಯನ್ನೇರಿದರು. ಚುರುಕುಗೊಳಿಸುವ ವಸ್ತುವು ಕಪ್ಪೆಯಲ್ಲಿ ಅಡ್ರಿನಲಿನ್ ಎಂದು ಲೋವಿ ಗುರುತಿಸಿದನು; ನಮ್ಮಂಥ ಸಸ್ತನಿಗಳಲ್ಲಿ ಅದು ನಾರ್‌ಅಡ್ರಿನಲಿನ್ ಎಂದು ಸ್ವೀಡನ್ನಿನ ಫೊನ್ ಆಯ್ಲರನು ೧೯೪೬ರಲ್ಲಿ ತೋರಿಸಿದನು. ಲೋವಿಗೆ ಬಂದ ಪಾರಿತೋಷಕದ ಹಣವು ಸ್ಟಾಕ್‌ಹೋಮಿನ ಬ್ಯಾಂಕಿನಲ್ಲಿಯೇ ಉಳಿಯಿತು. ಆ ಹಣವೇ ಎರಡು ವರ್ಷದೊಳಗೆ ಪ್ರಾಣದ ಬೆಲೆಯಾಗಬೇಕಾಯಿತು.

೧೯೩೮ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಕ್ಕೆ ನುಗ್ಗಿತು. ೧೧ರ ರಾತ್ರಿ ಮಲಗಿದ್ದ ಲೋವಿಯ ಕೋಣೆಗೆ ಬಂದೂಕು ಹಿಡಿದ ನಾಜಿ ತರುಣರ ಗುಂಪೊಂದು ನುಗ್ಗಿ ಆತನನ್ನು ಸೆರೆಮನೆಗೆ ಎಳೆದೊಯ್ದಿತು. ಕಿರಿಯ ಗಂಡುಮಕ್ಕಳಿಬ್ಬರೂ ಅದೇ ಸೆರೆಯನ್ನು ಸೇರಿದರು. ಅಪರಾಧವೇನು? ಯಹೂದಿಯಾಗಿ ಹುಟ್ಟಿದ್ದು. ೨೯ ವರ್ಷ ಆ ಊರಿನ ಮಕ್ಕಳಿಗೆ ಪಾಠ ಹೇಳಿ, ಊರಿಗೆ ನೊಬೆಲ್ ಪಾರಿತೋಷಕದ ಕೀರ್ತಿಯನ್ನು ತಂದವನೆಂಬುದು ಯಾವ ಲೆಕ್ಕಕ್ಕೂ ಬರಲಿಲ್ಲ.

ತನ್ನನ್ನು ಕೊಲ್ಲುವರೆಂದೇ ಲೋವಿ ನಂಬಿದ್ದನು. ಸೆರೆಯಲ್ಲಿ ಆತನಿಗೆ ನಿದ್ದೆ ಹತ್ತಲಿಲ್ಲ. ಕಾಡಿದ ಚಿಂತೆಯಾದರೋ, ಆಗತಾನೆ ಮುಗಿಸಿದ ಕೆಲವು ಪ್ರಯೋಗಗಳ ಫಲ ಇನ್ನೂ ಪ್ರಕಟವಾಗಿಲ್ಲವಲ್ಲ ಎಂಬುದು. ಕಾವಲುಗಾರನನ್ನು ಬೇಡಿ ಬೇಡಿ ಒಂದು ಕಾರ್ಡನ್ನೂ ಲೇಖನಿಯನ್ನೂ ಪಡೆದನು. ಫಲಿತಾಂಶವನ್ನೆಲ್ಲ ಆ ಕಾರ್ಡಿನಲ್ಲಿ ಅಡಗಿಸಿ ಬರೆದು, ಜರ್ಮನಿಯ ಒಂದು ವಿಜ್ಞಾನ ಪತ್ರಿಕೆಯ ವಿಳಾಸಕ್ಕೆ ಅಂಚೆಗೆ ಹಾಕಿಸಿದನು. ಕಾರ್ಡು ಕೈಬಿಟ್ಟ ಮೇಲೆ ಮನಸ್ಸು ಹಗುರವಾಗಿ, ಬಂದದ್ದು ಬರಲೆಂಬ ಶಾಂತಿ ಮೂಡಿತೆಂದು ಆತನು ಮುಂದೆ ಬರೆದುಕೊಂಡಿದ್ದಾನೆ. ಕನಸಿನ ಚೀಟಿಗಿಂತ ಈ ಕಾರ್ಡಿನ ವಿಷಯವೇ ನನ್ನ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ನಿಂತಿದೆ. ಮಾರನೆಯ ಬೆಳಗನ್ನು ಕಾಣುವ ನಂಬಿಕೆಯಿಲ್ಲದ ಅರವತ್ತನಾಲ್ಕರ ಮನುಷ್ಯನು ಕಾರ್ಡು ಬೇಡಿದ್ದು ಕ್ಷಮೆ ಕೋರುವುದಕ್ಕಾಗಿ ಅಲ್ಲ.

ಸುಮಾರು ಎರಡು ತಿಂಗಳ ಮೇಲೆ ಬಿಡುಗಡೆಯಾಯಿತು. ದೇಶ ಬಿಡಲು ಅಪ್ಪಣೆ ಬೇಕಾದರೆ ಸ್ಟಾಕ್‌ಹೋಮಿನ ಹಣವನ್ನು ನಾಜಿಗಳು ಹೇಳಿದ ಬ್ಯಾಂಕಿಗೆ ವರ್ಗಾಯಿಸಬೇಕೆಂಬ ಷರತ್ತು. ವರ್ಗಾಯಿಸಿದನು. ೧೯೩೮ರ ಸೆಪ್ಟೆಂಬರ್ ೨೮ರಂದು ಬರಿಗೈಯಲ್ಲಿ ಲಂಡನ್ನಿಗೆ ಹೊರಟನು. ಹೆಂಡತಿಯನ್ನು ಮಾತ್ರ, ಆಕೆಯ ಹೆಸರಿನ ಆಸ್ತಿಯನ್ನು ಒಪ್ಪಿಸುವವರೆಗೆಂದು, ನಾಜಿಗಳು ಬಿಡಲಿಲ್ಲ. ಗಂಡಹೆಂಡಿರು ಮತ್ತೆ ಒಂದುಗೂಡಿದ್ದು ೧೯೪೧ರಲ್ಲಿ, ಅಮೆರಿಕದಲ್ಲಿ.

ಬ್ರಸೆಲ್ಸಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಸ್ವಲ್ಪ ಸ್ವಲ್ಪ ಕಾಲ ಆಶ್ರಯ ಪಡೆದು, ೧೯೪೦ರ ಜೂನಿನಲ್ಲಿ ಲೋವಿಯು ನ್ಯೂಯಾರ್ಕನ್ನು ತಲಪಿದನು. ಹಡಗಿನಿಂದ ಇಳಿಯುವ ಸಮಯದ ಒಂದು ಪ್ರಸಂಗವನ್ನು ಆತನು ನಗುತ್ತ ಹೇಳುತ್ತಿದ್ದನಂತೆ. ಲಂಡನ್ನಿನಲ್ಲಿ ಪರೀಕ್ಷಿಸಿದ ವೈದ್ಯನು ಕೊಟ್ಟಿದ್ದ ಮುಚ್ಚಿದ ಲಕೋಟೆಯನ್ನು ಬಿಚ್ಚಿದರೆ, ಈತನಿಗೆ ಮುಪ್ಪು ಅಡರಿದೆ, ದುಡಿದು ಬದುಕಲಾರನು ಎಂಬರ್ಥದ ಒಕ್ಕಣೆ! ಅಂಥವರನ್ನು ಒಳಗೆ ಬಿಡದಿರುವುದು ಕಾನೂನು. ದಯಾಳುವಾದ ಅಧಿಕಾರಿಯೊಬ್ಬನು ಅದನ್ನು ಕಂಡೂ ಕಾಣದವನಂತೆ ಮುದುಕನನ್ನು ಒಳಕ್ಕೆ ಬಿಟ್ಟನು. ದುಡಿಯಲಾರದವನೆಂದು ಬರೆಸಿಕೊಂಡವನು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ವೈದ್ಯ ಕಾಲೇಜಿನಲ್ಲಿ ಔಷಧಶಾಸ್ತ್ರದ ಸಂಶೋಧನ ಪ್ರಾಧ್ಯಾಪಕನಾಗಿ ಮುಂದೆ ವರ್ಷಗಟ್ಟಲೆ ದುಡಿದನು.

೧೯೪೬ರಲ್ಲಿ ಆತನು ಅಮೆರಿಕದ ಪ್ರಜೆಯಾದನು. ೧೯೫೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ವಿದೇಶೀ ಸದಸ್ಯನನ್ನಾಗಿ ಆರಿಸಿಕೊಂಡಿತು. ಬೇಸಗೆಯ ದಿನಗಳನ್ನು ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ, ಅಲ್ಲಿನ ಜೀವವಿಜ್ಞಾನ ಪ್ರಯೋಗಾಲಯದ ತರುಣರೊಡನೆ ಮಾತನಾಡುತ್ತ ಕಳೆಯುತ್ತಿದ್ದನು. ಚಿತ್ರಕಲೆ, ಸಂಗೀತಗಳ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಐವತ್ತು ವರ್ಷ ಜೊತೆಗಿದ್ದ ಗ್ವಿಡಾ ೧೯೫೮ರಲ್ಲಿ ತೀರಿಕೊಂಡಳು. ನರಗಳು ಮಿದುಳಿನೊಳಗೂ ತಮ್ಮತಮ್ಮೊಳಗೆ ರಸಾಯನದ ಮೂಲಕವೇ ಮಾತನಾಡುತ್ತವೆಂಬುದನ್ನು, ಬಹುಕಾಲ ವಿದ್ಯುತ್ತಿನ ಪಕ್ಷ ಹಿಡಿದಿದ್ದ ಎಕ್ಲೆಸ್ ಎಂಬ ವಿದ್ವಾಂಸನೇ ೧೯೫೧ರಲ್ಲಿ ತನ್ನ ಸ್ವಂತ ಪ್ರಯೋಗದಿಂದ ಒಪ್ಪಿಕೊಂಡದ್ದನ್ನು ನೋಡುವವರೆಗೂ ಲೋವಿ ಬದುಕಿದ್ದನು. ೧೯೬೧ರ ಡಿಸೆಂಬರ್ ೨೫ರಂದು, ೮೮ ವರ್ಷ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಆತನ ಹೃದಯವು ಬಡಿಯುವುದನ್ನು ನಿಲ್ಲಿಸಿತು.